ಬಿಸಿಲುಕೋಲಿನಲ್ಲಿ ಅಣು

ಕೇಳುಗರಿಗೆ ನಮಸ್ಕಾರ.

ಕಲಬುರಗಿ ಸೀಮೆಯಲ್ಲಿ ಈಗ ತೊಗರಿ ರಾಶಿಯ ಕಾಲ. ಮೊನ್ನೆ ಬೆಳಿಗ್ಗೆ ಊರಿನ ಮಾಳಿಗೆ ಮನೆಯಲ್ಲಿ ಸುಮ್ನೆ ಕೂತಿದ್ದೆ. ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದಿತ್ತು. ಅದರೊಳಗೆ ತೊಗರಿ ಹೊಟ್ಟಿನ ಧೂಳು ಕುಣಿಯುತ್ತಿತ್ತು. ಕೋಲು ದಾಟಿದ ಕೂಡಲೇ ಮಾಯ. ನೀವೂ ನೋಡಿದ್ದೀರಿ, ಅಲ್ವಾ?

ವೈಶೇಷಿಕ ದರ್ಶನ ನಮ್ಮ ದೇಶದ ಒಂದು ಹಳೆಯ ತತ್ವಚಿಂತನೆ. ಅದರವರು ಪರಮಾಣುವಿನ, ಅಂದರೆ ಇನ್ನು ಒಡೆಯಲಾಗದ ಕಣದ, ಲೆಕ್ಕ ಶುರು ಮಾಡಿದ್ದು ಈ ಧೂಳಿನಿಂದಲೇ. ಕಣ್ಣಿಗೆ ಕಾಣುವ ಅತಿ ಸಣ್ಣ ವಸ್ತು ಇದು, ಇದರೊಳಗೆ ಮೂರು ಜೋಡಿ, ಅಂದರೆ 6 ಪರಮಾಣು ಇವೆ ಎಂದರು. ಇಂದಿನ ವಿಜ್ಞಾನಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಒಂದು ಧೂಳಿನಲ್ಲಿ ಕೋಟಿ ಕೋಟಿ ಪರಮಾಣುಗಳಿವೆ. ಆದರೂ ಕಾಣುವುದನ್ನು ಹಿಡಿದು ಕಾಣದ್ದರ ಕಡೆ ನಡೆದ ಆ ದಾರಿ ನನಗೆ ತುಂಬ ಇಷ್ಟ.

ಆ ದರ್ಶನದ ಮೂಲಪುರುಷ ಕಣಾದ. ಹೆಸರಿನ ಅರ್ಥವೇ ಕಾಳು ತಿನ್ನುವವನು. ಹೊಲದಲ್ಲಿ ಉದುರಿದ ಕಾಳು ಆರಿಸಿ ತಿನ್ನುತ್ತಿದ್ದ ಅಂತ ಕಥೆ. ಇನ್ನು 'ಅಣು'? ಬೃಹದಾರಣ್ಯಕ ಉಪನಿಷತ್ತಿನಲ್ಲಿ 10 ಬೆಳೆಗಳ ಹೆಸರು ಬರುತ್ತದೆ. ಭತ್ತ, ಜವೆ, ಎಳ್ಳು, ಉದ್ದು, ಅವುಗಳ ಸಾಲಿನಲ್ಲೇ ಅಣು! ಬರಗಿನಂಥ ಪುಟ್ಟ ಕಾಳು ಅದು. ಮೊದಲ ಸಲ ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಪುಸ್ತಕದ ಪದ ಅಂದುಕೊಂಡಿದ್ದು ಹೊಲದಲ್ಲೂ ಇತ್ತು.

ಗ್ರೀಕರ 'ಆಟಮ್' ಅಂದರೆ ಕತ್ತರಿಸಲಾಗದ್ದು. 1808ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ತನ್ನ ಗ್ರಂಥದಲ್ಲಿ ಆ ಪದವನ್ನೇ ಬಳಸಿದ. 1897ರಲ್ಲಿ ಜೆ.ಜೆ. ಥಾಮ್ಸನ್ ಆಟಮ್‌ನ ಒಳಗಿನ ಕಣವಾದ ಎಲೆಕ್ಟ್ರಾನ್ ಕಂಡುಹಿಡಿದ ಮೇಲೆ ಆ ಹೆಸರಿನ ಅರ್ಥ ಉಳಿಯಲಿಲ್ಲ. ನಮ್ಮ 'ಅಣು' ಪದ ಸಣ್ಣದು ಎಂದಷ್ಟೇ ಹೇಳಿತ್ತು. ಅದು ಇಂದಿಗೂ ನಿಜ.

ಒಂದು ತೊಡಕು ಮಾತ್ರ ಇದೆ. ಶಾಲೆಯ ಪಾಠದಲ್ಲಿ ಆಟಮ್‌ಗೆ ಪರಮಾಣು, ಮಾಲಿಕ್ಯೂಲ್‌ಗೆ ಅಣು. ನೀರಿನ ಒಂದು ಅಣುವಿನಲ್ಲಿ 3 ಪರಮಾಣು. ಪೇಪರಿನಲ್ಲಿ ನೋಡಿದರೆ ಅಣುಬಾಂಬ್, ಅಣುವಿದ್ಯುತ್! ಅಲ್ಲಿ ಒಡೆಯುವುದು ಪರಮಾಣುವಿನ ನಡುವಿನ ನ್ಯೂಕ್ಲಿಯಸ್. ಮಕ್ಕಳಿಗೆ ಗೊಂದಲ ಆಗದೆ ಇರುತ್ತದೆಯೇ?

ನ್ಯೂಕ್ಲಿಯಸ್ ಅಂದರೆ ಲ್ಯಾಟಿನ್‌ನಲ್ಲಿ ಕಾಯೊಳಗಿನ ತಿರುಳು, ಬೀಜ. ಅದಕ್ಕೇ ಕನ್ನಡದಲ್ಲಿ 'ಬೈಜಿಕ' ಎಂಬ ಪದ ಬಂತು. ಅದು ಒಡೆಯುವುದಕ್ಕೆ 'ವಿದಳನ' ಎನ್ನುತ್ತೇವೆ. ದಳ್ ಎಂದರೆ ಒಡೆ, ಸೀಳು. ದ್ವಿದಳ ಧಾನ್ಯ, ದಾಲ್, ಎಲ್ಲ ಅದೇ ಬೇರಿನವು.

ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ನೆಲದಡಿ ಅಣುವಿದ್ಯುತ್ತಿಗೆ ಬೇಕಾದ ಯುರೇನಿಯಂನ ಅದಿರು ಇದೆ. ಕಲಬುರಗಿಯಲ್ಲಿ ದಾಲ್ ಮಿಲ್ಲುಗಳಿವೆ. ಒಮ್ಮೆ ಮಕ್ಕಳನ್ನು ಮಿಲ್ಲಿಗೆ ಕರೆದುಕೊಂಡು ಹೋಗಿ. ಸಿಪ್ಪೆ ಬಿಟ್ಟ ತೊಗರಿ ಎರಡು ಹೋಳಾಗಿ ಬೀಳುವುದನ್ನು ತೋರಿಸಿ. ಯುರೇನಿಯಂನ ಬೀಜ, ಅಂದರೆ ನ್ಯೂಕ್ಲಿಯಸ್, ಒಡೆದರೂ ಇದೇ ಬೇರಿನ 'ವಿದಳನ' ಎಂಬ ಮಾತು ಹೇಳುತ್ತೇವೆ ಅಂತ ತಿಳಿಸಿ.

ನಮಸ್ಕಾರ.