ಮ್ಯಾಚ್ ಮುಗಿದ ಮೇಲೂ ಇವರು ಯಾಕೆ ಓಡುತ್ತಿದ್ದಾರೆ?

[ದೃಶ್ಯ: ಖಾಲಿಯಾಗುತ್ತಿರುವ ಸ್ಟೇಡಿಯಂ. ಮೈದಾನದಲ್ಲಿ ಐದಾರು ಆಟಗಾರರು]

ನಮಸ್ಕಾರ. ಫುಟ್‌ಬಾಲ್ ನೋಡಲು ಸ್ಟೇಡಿಯಂಗೆ ಹೋದವರು ಇದನ್ನು ಗಮನಿಸಿರಬಹುದು. ಕೊನೆಯ ವಿಷಲ್ ಆಗಿದೆ, ಜನ ಗೇಟಿನ ಕಡೆ ಹೊರಟಿದ್ದಾರೆ. ಮೈದಾನದಲ್ಲಿ ಮಾತ್ರ ಕೆಲವರು ಜೋರಾಗಿ ಓಡುತ್ತಿದ್ದಾರೆ. ಸೋತಿದ್ದಕ್ಕೆ ಶಿಕ್ಷೆನಾ? ಅಲ್ಲ. ಅವರು ಬೆಂಚಿನಲ್ಲಿ ಕೂತಿದ್ದವರು. ಓಡಿಸುತ್ತಿರುವವರು ಟೀಮಿನ ಸ್ಪೋರ್ಟ್ಸ್ ಸೈನ್ಸ್ ಸಿಬ್ಬಂದಿ, ಅಂದರೆ ಆಟಗಾರರ ದೇಹಕ್ಕೆ ಎಷ್ಟು ಹೊರೆ ಬೀಳಬೇಕು ಅಂತ ಲೆಕ್ಕ ಹಾಕುವವರು. ಇವತ್ತಿನ ಮಾತು ಈ ಕೆಲಸದ ಬಗ್ಗೆ, ಅದಕ್ಕೆ ಸೇರುವ ದಾರಿಯ ಬಗ್ಗೆ.

ಪೂರ್ತಿ 90 ನಿಮಿಷ ಆಡಿದವರು ಸುಮಾರು 10ರಿಂದ 12 ಕಿಲೋಮೀಟರ್ ಓಡಿರುತ್ತಾರೆ. ಬೆಂಚಿನವರಿಗೆ ಅದಿಲ್ಲ. ಎರಡು ಮೂರು ವಾರ ಹೀಗೇ ಕಳೆಯಿತು ಅಂತಿಟ್ಟುಕೊಳ್ಳಿ. ಆಮೇಲೆ ಒಂದು ದಿನ ಕೋಚ್ ಏಕಾಏಕಿ ಇವನನ್ನು ಇಳಿಸುತ್ತಾರೆ. ಪೂರ್ತಿ ವೇಗದ ಓಟ ಅಭ್ಯಾಸ ತಪ್ಪಿದ ಕಾಲು ಅದು. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ಕೈಕೊಡುವ ಅಪಾಯ ಜಾಸ್ತಿ. ಅದಕ್ಕೇ ಈ ಓಟ.

[ದೃಶ್ಯ: ಜಿಪಿಎಸ್ ವೆಸ್ಟ್, ಹತ್ತಿರದಿಂದ]

ಜೆರ್ಸಿಯೊಳಗೆ ಹಾಕುವ ವೆಸ್ಟ್ ಇದು. ಬೆನ್ನಿನ ಮೇಲ್ಭಾಗದ ಈ ಪುಟ್ಟ ಜೇಬಿನಲ್ಲಿ ಜಿಪಿಎಸ್ ಇರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಆಟಗಾರ ಎಲ್ಲಿದ್ದಾನೆ ಅಂತ ದಾಖಲಿಸುತ್ತದೆ. ಗಂಟೆಗೆ 25 ಕಿಲೋಮೀಟರ್ ದಾಟಿದರೆ ಸ್ಪ್ರಿಂಟ್ ಅಂತ ಹೆಚ್ಚಿನವರ ಲೆಕ್ಕ.

ಈ ದಾಖಲೆ ತೋರಿಸುವ ಸಾಫ್ಟ್‌ವೇರ್ ಕಲಿಯೋದು ದೊಡ್ಡ ವಿಷಯವಲ್ಲ ಬಿಡಿ. ಕೆಲಸ ಶುರುವಾಗೋದು ಆಮೇಲೆ. ಚಿಕ್ಕ ಜಾಗದಲ್ಲಿ ನಾಲ್ವರ ವಿರುದ್ಧ ನಾಲ್ವರನ್ನು ಆಡಿಸಿ ನೋಡಿ. ಓಡು, ನಿಲ್ಲು, ತಿರುಗು. ತೊಡೆಗಳು ಸೋತುಹೋಗುತ್ತವೆ. ಆದರೆ ಪೂರ್ತಿ ವೇಗಕ್ಕೆ ಜಾಗವೇ ಇಲ್ಲ. ಅದೇ ಆಟವನ್ನು ದೊಡ್ಡ ಮೈದಾನದಲ್ಲಿ ಆಡಿಸಿದರೆ ಸ್ಪ್ರಿಂಟ್ ಸಿಗುತ್ತದೆ. ಗೆರೆಯನ್ನು ಹತ್ತು ಮೀಟರ್ ಆಚೆ ಸರಿಸಿದರೂ ಯಾವ ಸ್ನಾಯುವಿಗೆ ಎಷ್ಟು ಹೊರೆ ಅನ್ನೋದು ಬದಲಾಗುತ್ತದೆ. ಈ ಹೊರೆಯನ್ನು ವಾರದ ದಿನಗಳಿಗೆ ಹಂಚಬೇಕು: ಮ್ಯಾಚಿಗೆ ಮೂರು ನಾಲ್ಕು ದಿನ ಇರುವಾಗ ಭಾರೀ ಅಭ್ಯಾಸ, ಹಿಂದಿನ ದಿನ ಹಗುರ.

ಇದನ್ನೆಲ್ಲ ಕೋಚ್‌ಗೆ ಒಪ್ಪಿಸಬೇಕಲ್ವಾ? ಅವರಿಗೆ ಗ್ರಾಫ್ ನೋಡುವ ಪುರುಸೊತ್ತಿರಲ್ಲ. "ಇವನಿಗೆ ಇವತ್ತು ಇಪ್ಪತ್ತು ನಿಮಿಷ ಸಾಕು" ಅಂತ ಒಂದೇ ಮಾತಿನಲ್ಲಿ ಹೇಳಬೇಕು. ಕೇಳದಿದ್ದರೆ ಜಗಳವಾಡದೆ ನಾಳೆ ಮತ್ತೆ ಹೇಳಬೇಕು. ನನ್ನ ಪ್ರಕಾರ ಈ ವೃತ್ತಿಯ ಅರ್ಧ ಇದೇ.

[ದೃಶ್ಯ: ತರಗತಿ, ಲ್ಯಾಬ್]

ಓದು? ಫುಟ್‌ಬಾಲ್ ವಿಜ್ಞಾನದ ಮೊದಲ ವಿಶ್ವ ಸಮ್ಮೇಳನ 1987ರಲ್ಲಿ ನಡೆದದ್ದು ಲಿವರ್‌ಪೂಲ್‌ನಲ್ಲಿ. ಅಲ್ಲಿನ ಜಾನ್ ಮೂರ್ಸ್ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಪದವಿ ಇದೆ. ನಮ್ಮ ಕಡೆ ಮಣಿಪಾಲ, ಚೆನ್ನೈನ ಶ್ರೀ ರಾಮಚಂದ್ರದಲ್ಲಿ ಸ್ಪೋರ್ಟ್ಸ್ ಸೈನ್ಸ್ ಓದಬಹುದು. ಫಿಸಿಯೋಥೆರಪಿ ಬೇರೆ ಕೋರ್ಸ್, ಗೊಂದಲ ಮಾಡಿಕೊಳ್ಳಬೇಡಿ.

ಕಹಿ ಮಾತು ಒಂದಿದೆ. ಕೆಲಸಗಳು ಕಡಿಮೆ. ಶುರುವಿನಲ್ಲಿ ಸಂಬಳವಿಲ್ಲದ ಇಂಟರ್ನ್‌ಶಿಪ್ ಇರಬಹುದು, ಕೋನ್ ಜೋಡಿಸಿ ಬಾಟಲಿಗೆ ನೀರು ತುಂಬುವುದೂ ನಿಮ್ಮ ಪಾಲಿಗೇ ಬರಬಹುದು. ಕೋಚ್ ಹೋದರೆ ಅವರ ಸಿಬ್ಬಂದಿಗೂ ಗಂಟುಮೂಟೆ ಕಟ್ಟಿಸುವ ಕ್ಲಬ್‌ಗಳುಂಟು.

ಆದರೂ ಮನಸ್ಸಿದ್ದರೆ ಜಿಪಿಎಸ್‌ಗಾಗಿ ಕಾಯಬೇಡಿ. ನಿಮ್ಮೂರಿನ ತಂಡಕ್ಕೆ ಹೋಗಿ. ಪ್ರಾಕ್ಟೀಸ್ ಮುಗಿದು ಅರ್ಧ ಗಂಟೆಯಾದ ಮೇಲೆ ಪ್ರತಿ ಆಟಗಾರನನ್ನೂ ಕೇಳಿ: "ಹತ್ತಕ್ಕೆ ಎಷ್ಟು ಕಷ್ಟವಾಯಿತು?" ಆ ಅಂಕಿಯನ್ನು ನಿಮಿಷಗಳಿಂದ ಗುಣಿಸಿ. ಏಳು ಅಂದರೆ, 60 ನಿಮಿಷದ ಪ್ರಾಕ್ಟೀಸಿಗೆ ಹೊರೆ 420. ದೊಡ್ಡ ಕ್ಲಬ್‌ಗಳಲ್ಲೂ ಈ ಲೆಕ್ಕ ಬಳಕೆಯಲ್ಲಿದೆ. ಒಂದು ಸೀಸನ್ ಪೂರ್ತಿ ಬರೆದಿಡಿ, ಇಂಟರ್‌ವ್ಯೂಗೆ ಹೋಗುವಾಗ ಆ ಎಕ್ಸೆಲ್ ಶೀಟ್ ಜೊತೆಗಿರಲಿ.