ಒಂದು ಬಾಟ್ಲಿ ಏರಿಸಿ ಡಾಕ್ಟ್ರೇ

ಮಗುಗೆ ಜ್ವರ ಜೋರಾಯ್ತು ಅಂದ್ರೆ ನಾವು ಕೇಳೋದೇ ಅದು: "ಒಂದು ಬಾಟ್ಲಿ ಗ್ಲೂಕೋಸ್ ಏರಿಸಿಬಿಡಿ." ಏರಿಸದೆ ಮಾತ್ರೆ ಕೊಟ್ಟು ಕಳಿಸಿದ್ರೆ ಅವರು ಡಾಕ್ಟ್ರೇ ಅಲ್ಲ ನಮಗೆ!

ನಮ್ಮನ್ನೇ ಬೈಬೇಡಿ. ಜ್ವರ ಬಂದು ಕೈಕಾಲು ತಣ್ಣಗಾದ ಮಗುವಿಗೆ ಗಂಟೆಯೊಳಗೆ ರಭಸವಾಗಿ ಸಲೈನ್ ಹರಿಸೋದು ಶ್ರೀಮಂತ ದೇಶಗಳ ಐಸಿಯುಗಳಲ್ಲೂ ರೂಢಿಯೇ. ಅದನ್ನ ಕೀನ್ಯಾ, ಉಗಾಂಡ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ಒರೆಗೆ ಹಚ್ಚಿದ್ದು ಮಕ್ಕಳ ವೈದ್ಯೆ ಕ್ಯಾಥರಿನ್ ಮೇಟ್‌ಲ್ಯಾಂಡ್ ಅವರ ತಂಡ. ಅಧ್ಯಯನದ ಹೆಸರು ಫೀಸ್ಟ್. ಹೆಸರೇನೋ ಹಬ್ಬದೂಟ, ಬಂದ ಲೆಕ್ಕ ಮಾತ್ರ ಸೂತಕದ್ದು. 3,141 ಮಕ್ಕಳಲ್ಲಿ 48 ಗಂಟೆಯೊಳಗೆ ತೀರಿಕೊಂಡವರು: ರಭಸವಾಗಿ ಸಲೈನ್ ಕೊಟ್ಟ ಗುಂಪಲ್ಲಿ ಶೇ. 10.5, ಅಷ್ಟೇ ರಭಸವಾಗಿ ಅಲ್ಬುಮಿನ್ (ರಕ್ತದಲ್ಲಿರೋ ಒಂದು ಪ್ರೋಟೀನಿನ ದ್ರವ) ಕೊಟ್ಟಲ್ಲಿ ಶೇ. 10.6, ರಭಸವಾಗಿ ಏನೂ ಕೊಡದೆ ನಿಧಾನಕ್ಕೆ ಹನಿಸಿದಲ್ಲಿ ಶೇ. 7.3. 2011ರ ಜನವರಿಯಲ್ಲಿ ಅಧ್ಯಯನಕ್ಕೆ ಮಕ್ಕಳನ್ನ ಸೇರಿಸಿಕೊಳ್ಳೋದನ್ನ ಮುಗಿಯೋ ಮೊದಲೇ ನಿಲ್ಲಿಸಿದ್ರು.

ಇದು ವೆಂಟಿಲೇಟರ್ ಇಲ್ಲದ ಆಸ್ಪತ್ರೆಗಳ ಕಥೆ, ವಾಂತಿಭೇದಿಯ ಮಕ್ಕಳನ್ನ ಇದಕ್ಕೆ ಸೇರಿಸಿಕೊಂಡಿರಲಿಲ್ಲ. ನಾಳೆ ಯಾರೂ ಓಆರ್‌ಎಸ್ ನಿಲ್ಲಿಸಬೇಡಿ, ಮಾರಾಯ್ರೆ.

ನನ್ನ ಎದೆ ಝಲ್ ಅನ್ನಿಸಿದ್ದು ಬೇರೆ ವಿಷಯ. ಸಲೈನ್ ಹರಿದ ಮಕ್ಕಳು ಮೊದಲ ಗಂಟೆಯಲ್ಲಿ ಚೇತರಿಸಿಕೊಂಡ ಹಾಗೇ ಕಾಣ್ತಿದ್ರು. ಪಕ್ಕದಲ್ಲಿ ನಿಂತ ನರ್ಸ್‌ಗೂ ಅಮ್ಮನಿಗೂ "ಅಬ್ಬಾ, ಬದುಕ್ತು" ಅನ್ನಿಸೋ ಹಾಗೆ. ಆದ್ರೆ ಆಮೇಲೆ ತೀರಿಕೊಂಡವರು ಅವರಲ್ಲೇ ಹೆಚ್ಚು. ಇದನ್ನ ಯಾವ ಅನುಭವಿ ಡಾಕ್ಟ್ರ ಕಣ್ಣೂ ಹಿಡಿಯೋಕಾಗಲ್ಲ, ಲೆಕ್ಕ ಇಟ್ಟು ನೋಡಿದಾಗಲೇ ಗೊತ್ತಾಗೋದು. "ನನ್ನ ಮಗು ಮೇಲೆ ಪ್ರಯೋಗ ಬೇಡ" ಅನ್ನೋರಿಗೆ ನಾನು ಹೇಳೋದಿಷ್ಟೇ: ಒರೆಗೆ ಹಚ್ಚದ ಚಿಕಿತ್ಸೆಯೂ ಪ್ರಯೋಗವೇ, ಲೆಕ್ಕ ಬರೆದಿಡೋರು ಇರಲ್ಲ ಅಷ್ಟೆ.

ಆದ್ರೆ ಒಪ್ಪಿಗೆ? ಮಗು ಉಸಿರಿಗೆ ಒದ್ದಾಡ್ತಿರುವಾಗ ಹತ್ತು ಪುಟ ಓದಿಸಿ ಸೈನ್ ಹಾಕಿಸೋದು ಒಪ್ಪಿಗೆ ಅಲ್ಲ, ನಾಟಕ. ಫೀಸ್ಟ್‌ನಲ್ಲಿ ತುರ್ತಿದ್ದಾಗ ಮೊದಲು ಬಾಯಿಮಾತಲ್ಲಿ ಕೇಳಿ, ಮಗು ಸುಧಾರಿಸಿದ ಮೇಲೆ ಕೂರಿಸಿ ಪೂರ್ತಿ ವಿವರಿಸಿ ಸಹಿ ಪಡೀತಿದ್ರು. ನನಗೆ ಇದೇ ಹೆಚ್ಚು ಪ್ರಾಮಾಣಿಕ ಅನ್ಸುತ್ತೆ.

ಸುಧಾರಿಸದ ಮಗುವಿನ ಅಮ್ಮನ ಮುಂದೆ ಮಾತ್ರ ನನ್ನ ವಾದ ತಡವರಿಸುತ್ತೆ. ವರ್ಷಗಳ ನಂತರ ಫಲಿತಾಂಶ ಹಿಡಿದು ಅವಳ ಮನೆ ಬಾಗಿಲು ತಟ್ಟಬೇಕಾ? ತಟ್ಟಬೇಕು ಅಂತಲೇ ನಾನು ಹೇಳ್ತೀನಿ. ಆ ಬಾಗಿಲು ನನ್ನ ಮನೇದಾಗಿದ್ರೆ ತೆಗೀತಿದ್ನೋ ಇಲ್ವೋ, ಹೇಳೋಕಾಗ್ತಿಲ್ಲ.