ಸಿಮೆಂಟಿನೊಳಗೆ ನಡೆಯುವ ಇರುವೆಗಳು

ಕೇಳುಗರಿಗೆ ನಮಸ್ಕಾರ.

ತಾರಸಿಗೆ ಕಾಂಕ್ರೀಟ್ ಹಾಕಿದ ಮರುದಿನ ಸುತ್ತಲೂ ಗಾರೆಯ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು ನೀವೆಲ್ಲ ನೋಡಿದ್ದೀರಿ. ಕಂಬಗಳಿಗೆ ಒದ್ದೆ ಗೋಣಿತಾಟು ಸುತ್ತುತ್ತಾರೆ. ಆದರೂ ‘ಸಿಮೆಂಟ್ ಒಣಗಿ ಗಟ್ಟಿಯಾಯ್ತು’ ಅನ್ನುವ ಮಾತು ನಮ್ಮ ಬಾಯಿಂದ ಹೋಗಿಲ್ಲ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರು ಕುಡಿದು. ನೀರಿನ ಜೊತೆ ಕೂಡಿ ಅದು ಬೇರೆಯೇ ವಸ್ತುವಾಗುತ್ತದೆ. ನೀರಿನ ಅಡಿಯಲ್ಲಿ ಮುಳುಗಿಸಿಟ್ಟರೂ ಅದು ಕಲ್ಲಾಗುತ್ತದೆ.

ಈ ಕೆಲಸವನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಿದವರಿದ್ದಾರೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ನಿಸ್ಟ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಡೇಲ್ ಬೆಂಟ್ಜ್ ಮತ್ತು ಎಡ್ವರ್ಡ್ ಗಾರ್ಬೋಸಿ 1990ರ ದಶಕದಲ್ಲಿ ಇದಕ್ಕೊಂದು ಪ್ರೋಗ್ರಾಂ ಬೆಳೆಸಿದರು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಉದ್ದ, ಅಗಲ, ಎತ್ತರದ ಒಂದು ಘನ. ಅದರೊಳಗೆ ಹತ್ತು ಲಕ್ಷ ಚಿಕ್ಕ ಮನೆಗಳು, ಚೌಕಾಬಾರದ ಮನೆಗಳ ಹಾಗೆ. ಒಂದೊಂದು ಮನೆಯಲ್ಲೂ ಸಿಮೆಂಟಿನ ಯಾವುದೋ ಒಂದು ಖನಿಜ, ಇಲ್ಲವೇ ಜಿಪ್ಸಮ್, ಇಲ್ಲವೇ ನೀರು. ಯಾವ ಖನಿಜ ಎಲ್ಲಿ ಎಂಬುದನ್ನು ಊಹಿಸಿದ್ದಲ್ಲ. ನಿಜವಾದ ಸಿಮೆಂಟನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೇ ಪ್ರಮಾಣದಲ್ಲಿ ತುಂಬಿದ್ದು.

ನೀರಿಗೆ ತಾಗಿದ ಸಿಮೆಂಟಿನ ಮನೆ ಕರಗುತ್ತದೆ. ಕರಗಿದ ಕಣ ಗೊತ್ತುಗುರಿಯಿಲ್ಲದೆ ನೀರಿನಲ್ಲಿ ಒಂದೊಂದೇ ಹೆಜ್ಜೆ ಅಲೆಯುತ್ತದೆ. ಪ್ರೋಗ್ರಾಂ ಬರೆದವರು ಈ ಕಣಗಳಿಗೆ ಇಟ್ಟ ಹೆಸರು ‘ಇರುವೆ’. ನನಗೆ ಬಹಳ ಹಿಡಿಸಿದ ಹೆಸರು. ಇರುವೆ ತನಗೆ ಹೊಂದುವುದನ್ನು ಮುಟ್ಟಿದಲ್ಲಿ ನಿಂತು, ಅಂಟಿನಂಥ ಹೊಸ ವಸ್ತುವಾಗುತ್ತದೆ. ಹೀಗೆ ಹುಟ್ಟಿದ ವಸ್ತು ಕರಗಿದ ಸಿಮೆಂಟಿನ ಸುಮಾರು ಎರಡರಷ್ಟು ಜಾಗ ಹಿಡಿಯುತ್ತದೆ, ನೀರಿದ್ದ ಸಂದುಗಳು ತುಂಬುತ್ತಾ ಬರುತ್ತವೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಸಂದುಗಳ ವಿಷಯ. ಮೊದಲು ಅವೆಲ್ಲ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ನೀರು ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹೋಗುತ್ತದೆ. ಒಟ್ಟು ಗಾತ್ರದಲ್ಲಿ ಸಂದುಗಳ ಪಾಲು ಶೇಕಡಾ 20ರ ಆಸುಪಾಸಿಗೆ ಇಳಿದಾಗ ಕಂಪ್ಯೂಟರಿನ ಮಾದರಿಯಲ್ಲಿ ದಾರಿ ಕಡಿದುಹೋಗುತ್ತದೆ. ಅಮೆರಿಕದ ಸಿಮೆಂಟ್ ಸಂಶೋಧಕ ಪವರ್ಸ್ ಮತ್ತು ಅವರ ಸಂಗಡಿಗರು 1959ರಲ್ಲಿ ಪ್ರಯೋಗ ಮಾಡಿ ಇದನ್ನೇ ದಿನಗಳ ಲೆಕ್ಕದಲ್ಲಿ ಕೊಟ್ಟಿದ್ದರು. 50 ಕಿಲೋ ಚೀಲಕ್ಕೆ 25 ಲೀಟರ್ ನೀರಾದರೆ, ಒದ್ದೆಯಾಗಿಟ್ಟ ಸಿಮೆಂಟಿನಲ್ಲಿ ದಾರಿ ಮುಚ್ಚಲು 14 ದಿನ. 30 ಲೀಟರಿಗೆ ಆರು ತಿಂಗಳು. 35 ಲೀಟರಿಗೆ ಒಂದು ವರ್ಷ. ಅದಕ್ಕೂ ಮೀರಿದರೆ ಎಂದೂ ಮುಚ್ಚುವುದಿಲ್ಲ. ಮಾಲು ಸಡಿಲವಾಗಲಿ, ಕೈಗೆ ಸಲೀಸಾಗಲಿ ಎಂದು ಸುರಿಯುವ ಒಂದೇ ಒಂದು ಬಕೆಟ್ ನೀರು ಮಾಡುವ ವ್ಯತ್ಯಾಸ ಇದು! ತಾರಸಿ ಸೋರುವುದಕ್ಕೂ ಒಳಗಿನ ಕಬ್ಬಿಣ ತುಕ್ಕು ಹಿಡಿಯುವುದಕ್ಕೂ ನೀರು ಬರುವ ದಾರಿ ಇದೇ.

ಕಲಸುವಾಗ ನೀರು ಕಡಿಮೆ ಇರಬೇಕು, ಗಟ್ಟಿಯಾಗತೊಡಗಿದ ಮೇಲೆ ಧಾರಾಳವಾಗಿ ಉಣಿಸಬೇಕು. ನಮ್ಮಲ್ಲಿ ಆಗುವುದು ಎಷ್ಟೋ ಸಲ ಇದರ ತಿರುವುಮುರುವು. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್, ಅಂದರೆ ಹೀಗೆ ನೀರುಣಿಸುವುದು, ಬೇಕು. ಹಾರುಬೂದಿ ಬೆರೆಸಿದ ಪಿಪಿಸಿ ನಿಧಾನವಾಗಿ ಬಲಿಯುವುದರಿಂದ ಅದಕ್ಕೆ 10 ದಿನ. ನಿಮ್ಮ ಅಂಗಳದಲ್ಲಿ ಪೇರಿಸಿಟ್ಟಿರುವ ಚೀಲ ಯಾವುದೆಂದು ಒಮ್ಮೆ ಓದಿ ನೋಡಿ. ಪಿಪಿಸಿ ಎಂದಿದ್ದರೆ ಎಂಟನೇ ದಿನ ಕಟ್ಟೆ ಒಡೆಯಲು ಬಿಡಬೇಡಿ.

ನಮಸ್ಕಾರ.